ವಾರಗಿತ್ತಿ ಕಲಿತು ಬಂದ ಹೊಸ ಆವೃತ್ತಿ

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ದೊಡ್ಡ ಸೊಸೆಯ ಮಾತೇ ನಡೆಯುತ್ತಿತ್ತು. ರೋಗಿಗಳ ವಿವರವೆಲ್ಲ ತುಂಬಿದ ಡೇಟಾಬೇಸನ್ನು ಮೊದಲಿನಿಂದ ನೋಡಿಕೊಂಡವಳು ಅವಳು. ಮೈದುನನ ಮದುವೆಯಾದ ಮೇಲೆ ಅವನ ಹೆಂಡತಿಯನ್ನು ಅಲ್ಲಿಗೆ ಸೇರಿಸಿದವಳೂ ಅವಳೇ. ಹಾಗಿದ್ದೂ ಡೇಟಾಬೇಸಿನ ಹೊಸ ಆವೃತ್ತಿ ಬಂದಾಗ ಮುಖ್ಯಸ್ಥರು ತರಬೇತಿಗೆ ಕಳಿಸಿದ್ದು ಚಿಕ್ಕ ಸೊಸೆಯನ್ನು.

"ನೀವು ಹೋಗಿಬಿಟ್ರೆ ಇಲ್ಲಿ ನೋಡ್ಕೊಳ್ಳೋರ್ಯಾರು?" ಎಂದು ದೊಡ್ಡವಳಿಗೆ ಬೆಣ್ಣೆ ಹಚ್ಚಿದರು. ಅವಳು ನಕ್ಕಳು. ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು.

ಕಲಿತು ಬಂದವಳಿಗೆ ಮನೆಯಲ್ಲಿ ಊಟದ ಹೊತ್ತಿನಲ್ಲೂ ಅದೇ ಪುರಾಣ. "ಅತ್ತೆ, ಹೊಸದ್ರಲ್ಲಿ ಟೇಬಲ್ ಅಳಿಸಿಹೋದ್ರೂ ಒಂದೇ ಸಾಲು ಬರೆದು ವಾಪಸ್ ತರಬಹುದು!"

"ಟೇಬಲ್ ಒರೆಸೋದು ಗೊತ್ತು. ಅಳಿಸೋದು ಯಾವ ಕೆಲಸನಮ್ಮ?"

"ಮಾಹಿತಿ ತುಂಬಿಡೋ ಪಟ್ಟಿಗೆ ಟೇಬಲ್ ಅಂತೀವಿ ಅತ್ತೆ."

"ಕೆಲಸ ಬಲ್ಲವರು ಅಳಿಸೋದೇ ಇಲ್ಲ ಬಿಡಿ" ಎಂದಳು ದೊಡ್ಡವಳು. ಚಿಕ್ಕವಳ ಮುಖ ಸಪ್ಪಗಾಯಿತು. ದೊಡ್ಡವಳು ಅಂದು ಒಂದು ತುತ್ತು ಹೆಚ್ಚೇ ಉಂಡಳು.

ಆಫೀಸಿನಲ್ಲಿ ಚಿಕ್ಕವಳು ಎಲ್ಲರಿಗೂ ಪಾಠ ಹೇಳತೊಡಗಿದರೆ ದೊಡ್ಡವಳು ಫೋನು ಬಂತೆಂದು ಹೊರಗೆ ನಡೆಯುತ್ತಿದ್ದಳು. ಆಮೇಲೆ ಯಾರೂ ನೋಡದಾಗ, ಅಭ್ಯಾಸಕ್ಕೆಂದು ಮಾಡಿಟ್ಟಿದ್ದ ನಕಲು ಡೇಟಾಬೇಸಿನಲ್ಲಿ ತಾನೇ ತಡಕಾಡುತ್ತಿದ್ದಳು. ಒಂದು ಬೆಳಿಗ್ಗೆ ಹಾಗೇ ಒಂದು ಟೇಬಲನ್ನು ಅಳಿಸಿದಳು. ತಕ್ಷಣ ಕೌಂಟರಿನಿಂದ ಕೂಗು ಬಂತು: "ಮೇಡಂ, ಇವತ್ತಿನ ಅಪಾಯಿಂಟ್‌ಮೆಂಟ್ ಒಂದೂ ಕಾಣಿಸ್ತಿಲ್ಲ!"

ಅವಳು ಪರದೆಯ ಮೇಲಿದ್ದ ಡೇಟಾಬೇಸಿನ ಹೆಸರನ್ನು ಮತ್ತೆ ಓದಿದಳು. ಅಳಿಸಿದ್ದು ನಕಲಿನದ್ದಲ್ಲ, ಅಸಲಿನದ್ದು.

ನಿನ್ನೆ ತೆಗೆದಿಟ್ಟ ಬ್ಯಾಕಪ್ ಪ್ರತಿ ಹಾಕಬಹುದಿತ್ತು. ಹಾಕಿದರೆ ಬೆಳಗಿನಿಂದ ಹೆಸರು ಬರೆಸಿದವರೆಲ್ಲ ಪಟ್ಟಿಯಿಂದ ಹೋಗುತ್ತಿದ್ದರು. ಗಾಜಿನಾಚೆ ಒಬ್ಬಳು ಕೆಮ್ಮುವ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಅಳಿಸಿದ್ದನ್ನು ವಾಪಸ್ ತರುವ ಆ ಒಂದು ಸಾಲು ಯಾವುದೆಂದು ದೊಡ್ಡವಳಿಗೆ ಗೊತ್ತಿರಲಿಲ್ಲ. ಎದ್ದು ವಾರಗಿತ್ತಿಯ ಮೇಜಿಗೆ ಹೋದಳು.

"ಸ್ವಲ್ಪ ಬಾರೇ."

ಚಿಕ್ಕವಳು ಬಂದು ಪರದೆ ನೋಡಿದಳು. ಏನೂ ಕೇಳದೆ ಆ ಸಾಲು ಬರೆದಳು. ಟೇಬಲ್ ಮರಳಿತು. ಅಷ್ಟರಲ್ಲಿ ಮುಖ್ಯಸ್ಥರು ಓಡಿಬಂದರು.

"ನಾನೇ ಏನೋ ಪರೀಕ್ಷೆ ಮಾಡ್ತಿದ್ದೆ ಸರ್. ಸರಿಹೋಯ್ತು" ಎಂದಳು ಚಿಕ್ಕವಳು.

ದೊಡ್ಡವಳಿಗೆ ಅದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ. ವಿದ್ಯೆಯೂ ಇವಳದೇ, ಒಳ್ಳೆಯತನವೂ ಇವಳದೇ ಆಗಬೇಕೆ?

"ಸುಳ್ಳು ಸರ್. ಅಳಿಸಿದ್ದು ನಾನು, ತಂದಿದ್ದು ಅವಳು."

ದೊಡ್ಡವಳಿಗೆ ಎಲ್ಲರೆದುರು ಮಂಗಳಾರತಿ ಆಯಿತು. ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಹೊರಟರು.

"ನಿನ್ನ ಕಂಡ್ರೆ ನನಗೆ ಹೊಟ್ಟೆ ಉರಿಯುತ್ತೆ ಕಣೇ" ಎಂದಳು ದೊಡ್ಡವಳು.

"ಗೊತ್ತು ಅಕ್ಕ. ನನಗೇನು ಕಮ್ಮಿ ಉರಿಯುತ್ತಾ? ನಾನು ಎಷ್ಟು ಕಲಿತು ಬಂದ್ರೂ ಕೌಂಟರಿನವರು ಕೂಗೋದು ನಿಮ್ಮನ್ನೇ."

ದೊಡ್ಡವಳು ಅವಳ ಕಡೆ ತಿರುಗಿ ಕೂತಳು. "ಆ ಸಾಲು ಹೇಳು."

ಚಿಕ್ಕವಳು ಎರಡು ಸಲ ಹೇಳಿದಳು. ಆಮೇಲೆ ದೊಡ್ಡವಳೇ ತಪ್ಪಿಲ್ಲದೆ ಒಪ್ಪಿಸಿದಳು.

"ಶಾಭಾಸ್ ಅಕ್ಕ, ಬೇಗ ಕಲಿತ್ರಿ!"

ಮತ್ತೆ ಚುರ್ರೆಂದಿತು. "ನೀನು ನನಗೆ ಶಾಭಾಸ್‌ಗಿರಿ ಕೊಡ್ಬೇಡ" ಎಂದಳು ದೊಡ್ಡವಳು. "ಮುಂದಿನದು ಹೇಳು."