ಪೈಲ್ವಾನನ ಕತ್ತಿಗೊಂದು ಕೊಕ್ಕೆ

ಊಟ ಬಲ್ಲವನಿಗೆ ಜಗಳವಿಲ್ಲ, ಮಾತು ಬಲ್ಲವನಿಗೆ ಕತ್ತಿಲ್ಲ. ಗಾದೆ ಹೀಗಲ್ಲವಲ್ಲ ಎಂದು ಮೂಗು ಮುರಿಯಬೇಡಿ. ಇಲ್ಲಿ ಮುರಿದದ್ದು ಮೂಗಲ್ಲ. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ಗಾದೆಯೇ ಸುಳ್ಳಾದರೂ ಈ ಕಥೆ ಮಾತ್ರ ನಿಜ.

ಅರವತ್ನಾಲ್ಕರ ಬೇಸಿಗೆ. ಕಡೂರಿನ ಅಖಾಡದಲ್ಲಿ ಅಜ್ಜಂಪುರದ ರೇವಣಪ್ಪ ತೊಡೆ ತಟ್ಟಿದ. ಅವನ ತೋಳಿಗಿಂತ ಗಂಟಲು ಹೆಸರುವಾಸಿ. ಊರಿನ ಅಮಲ್ದಾರರಿಂದ ಹಿಡಿದು ಗರಡಿಯ ಉಸ್ತಾದನವರೆಗೆ ಯಾರ ದನಿಯನ್ನಾದರೂ ಹಾಗ್ಹಾಗೇ ಅಣಕಿಸುತ್ತಿದ್ದ. ಅವತ್ತು ಎದುರಾಳಿ, ಕಡೂರಿನ ಈರಭದ್ರಪ್ಪನ ಕೀರಲು ದನಿಯಲ್ಲೇ "ಅವ್ವಾ, ಬಿಡ್ಸವ್ವಾ!" ಎಂದು ಕೂಗಿಬಿಟ್ಟ. ಜನ ಬಿದ್ದು ಬಿದ್ದು ನಕ್ಕರು. ಈರಭದ್ರಪ್ಪ ನಗಲಿಲ್ಲ. ಸೊಂಟಕ್ಕೆ ಕೈ ಹಾಕಿ, ತಲೆಕೆಳಗಾಗಿ ಎತ್ತಿ, ನೆತ್ತಿಯನ್ನು ನೆಲಕ್ಕೆ ಕುಕ್ಕಿದ. ಒಣಸೌದೆ ಮುರಿದಂಥ ಸದ್ದು ಕೊನೆಯ ಸಾಲಿಗೂ ಕೇಳಿಸಿತು. ಆಮೇಲೆ ಎರಡೂ ಊರಿನವರು ದೊಣ್ಣೆ ಹಿಡಿದು ಅಖಾಡದ ಕೆಮ್ಮಣ್ಣಿನಲ್ಲಿ ಹಲ್ಲು ಬಿತ್ತಿದರು.

ತರೀಕೆರೆಯಲ್ಲಿ ಸಣ್ಣದೊಂದು ಆಸ್ಪತ್ರೆ ನಡೆಸುತ್ತಿದ್ದ ಡಾಕ್ಟರ್ ಮಲ್ಲಿಕಾರ್ಜುನನ ಬಳಿಗೆ ಎತ್ತಿನ ಗಾಡಿಯಲ್ಲಿ ಬಂದದ್ದು ಆ ರೇವಣಪ್ಪ. ಕಾಲು ಅಲ್ಪಸ್ವಲ್ಪ ಆಡುತ್ತಿದ್ದವು. ಕೈಗಳು ಹಿಂಡದ ಒದ್ದೆ ಬಟ್ಟೆ. ಡಾಕ್ಟರ್ ಬುರುಡೆಗೆ ಕಬ್ಬಿಣದ ಚಿಮಟ ಕಚ್ಚಿಸಿ, ಹಗ್ಗಕ್ಕೆ ಭಾರ ಇಳಿಬಿಟ್ಟು ಮಲಗಿಸಿದ. ಮುರಿದ ಮೂಳೆಯ ಚೂರು ಬೆನ್ನುಹುರಿಗೆ ಚುಚ್ಚಿಕೊಂಡಿತ್ತು. ಅದನ್ನು ತೆಗೆಯಲು ಕತ್ತನ್ನು ಮುಂದಿನಿಂದ, ಗಂಟಲ ಪಕ್ಕದಿಂದ ಸೀಳಬೇಕು.

"ಕುರಿ ಕುಯ್ದಂಗೆ ಕುಯ್ರಿ ಸ್ವಾಮಿ, ಬ್ಯಾಡ ಅನ್ನಲ್ಲ," ಎಂದ ರೇವಣಪ್ಪ. "ಕೈ ಬರ್ದಿದ್ರೂ ಬದುಕ್ಕೊಂತೀನಿ. ದನಿ ಒಂದು ಹೋಗ್ಬಾರ್ದು."

ಹಿಂದಿನ ವರ್ಷ ಯಗಟಿಯ ಹುಲಿಗೆಮ್ಮನ ಕತ್ತನ್ನು ಮಲ್ಲಿಕಾರ್ಜುನ ಹೀಗೇ ತೆರೆದಿದ್ದ. ಗಾಯ ಮುಚ್ಚಿಕೊಳ್ಳದಂತೆ ಅಗಲಿಸಿ ಹಿಡಿಯುವ ಕೊಕ್ಕೆಯನ್ನು ಕಾಂಪೌಂಡರ್ ಬೀರಯ್ಯ ಕೈ ಸೋಲುವವರೆಗೂ ಜಗ್ಗಿ ಹಿಡಿದಿದ್ದ. ಅದರಡಿ ದನಿಯ ನರ ನಜ್ಜುಗುಜ್ಜಾಯಿತು. ಹುಲಿಗೆಮ್ಮನಿಗೆ ಕೈ ಬಂದವು. ಈಗಲೂ ಆಕೆ ಮಕ್ಕಳನ್ನು ಚಪ್ಪಾಳೆ ತಟ್ಟಿ ಕರೆಯುತ್ತಾಳೆ.

ಹಾಗಾಗಿ ಡಾಕ್ಟರ್ ಹೊಸ ಕೊಕ್ಕೆಯ ನಕ್ಷೆ ಬರೆದ. ಎರಡು ತೋಳು, ನಡುವೆ ಹಲ್ಲುಪಟ್ಟಿ. ಚಾವಿ ತಿರುಗಿಸಿದಷ್ಟು ಅಗಲ. ಕತ್ತಿನ ಆಳಕ್ಕೆ ತಕ್ಕಂತೆ ಬದಲಾಯಿಸಬಹುದಾದ ಅಲಗುಗಳು. ಕಬ್ಬಿಣ ಕಡೆಯುವ ಲೇತು ಇಟ್ಟುಕೊಂಡಿದ್ದ ಗುಲಾಮ್ ಮೊಹಿದ್ದೀನ್ ಅದನ್ನು ಮಾಡಿದ. ಪರೀಕ್ಷಿಸಲು ವಜೀರ್ ಸಾಬಿಯ ಮಾಂಸದ ಅಂಗಡಿಯಿಂದ ಆಗತಾನೇ ಕಡಿದ ಕುರಿಕತ್ತು ಬಂತು. ಚಾವಿ ತಿರುಗಿಸಿದರು. ಹಲ್ಲು ಜಾರಿ ಅಲಗು ಹಾರಿ ಮೊಹಿದ್ದೀನನ ಅಂಗೈ ಸೀಳಿತು.

"ಇದು ಕೊಕ್ಕೆ ಅಲ್ಲ ಡಾಕ್ಟ್ರೇ, ಹುಚ್ಚುನಾಯಿ!" ಎಂದು ಅವನು ರಕ್ತ ಒದರಿದ.

ಎರಡನೆಯದು ಜಾರಲಿಲ್ಲ. ಗಟ್ಟಿಯಾಗಿ ಹಿಡಿಯಿತು. ಬಿಚ್ಚಿ ನೋಡಿದರೆ ಕುರಿಯ ಅನ್ನನಾಳ ಗಾಣಕ್ಕೆ ಸಿಕ್ಕ ಕಬ್ಬಿನ ಸಿಪ್ಪೆ. ಮಲ್ಲಿಕಾರ್ಜುನ ಕೊಕ್ಕೆಯನ್ನು ಗೋಡೆಗೆ ಬೀಸಿದ.

ವಾರ್ಡಿನಲ್ಲಿ ರೇವಣಪ್ಪ ಸುಮ್ಮನಿರಲಿಲ್ಲ. ಥೇಟು ಡಾಕ್ಟರ ದನಿಯಲ್ಲಿ "ಬೀರಯ್ಯಾ! ಬಿಸಿನೀರು!" ಎನ್ನುವನು. ಒಮ್ಮೆ ಓಡಿ ಬಂದ ಬೀರಯ್ಯ ತನ್ನ ಕಾಲ ಮೇಲೇ ನೀರು ಸುರಿದುಕೊಂಡ, ಬೊಬ್ಬೆ ಎದ್ದವು.

"ಲೇ, ನಿನ್ ಗಂಟ್ಲು ಕಿತ್ತು ನಾಯಿಗೆ ಹಾಕ್ತೀನಿ ಕಣೋ!"

"ಅದನ್ನ ತಿಂದ್ರೆ ನಾಯೀನೂ ನಿನ್ನೇ ಕರೀತದೆ ಬಿಡಣ್ಣ."

ಡಾಕ್ಟರ್ ತನ್ನ ಸೋಲು ಹೇಳಿಕೊಂಡಾಗ ಮಾತ್ರ ರೇವಣಪ್ಪ ಗಂಭೀರನಾದ. "ಸ್ವಾಮಿ, ಗರಡೀಲಿ ಹುಡುಗ್ರಿಗೆ ಕತ್ತಿನ ಪಟ್ಟು ಕಲಿಸ್ವಾಗ ಉಸ್ತಾದ್ರು ಪಕ್ಕದಲ್ಲೇ ಕೂತು 'ಸಡ್ಲು' ಅಂತಾರೆ. ಪಟ್ಟು ಬಿಡಂಗಿಲ್ಲ, ಸಡ್ಲಿಸ್ಬೇಕು. ಕೆಳಗಿರೋನು ಉಸ್ರು ತಗೊಂಡ ಮ್ಯಾಲೆ ಮತ್ತೆ ಬಿಗಿ. ಸಡ್ಲಿಸ್ದೆ ಹಿಡುದ್ರೆ ಹೆಣ ಬೀಳ್ತದೆ."

ಡಾಕ್ಟರ್ ಎದ್ದು ನಿಂತ. ಎಷ್ಟು ಅಗಲ ಎಂದು ಯೋಚಿಸಿದ್ದ. ಎಷ್ಟು ಹೊತ್ತು ಎಂದು ಯೋಚಿಸಿರಲಿಲ್ಲ. ಮೂರನೆಯ ಕೊಕ್ಕೆಗೆ ಒಂದು ಅಗುಳಿ ಬಂತು: ಒತ್ತಿದರೆ ತೋಳು ಒಂದು ಹಲ್ಲು ಹಿಂದೆ ಸರಿಯುತ್ತದೆ, ಅಲಗು ಜಾಗ ಬಿಡುವುದಿಲ್ಲ. ಅಂಚಿನ ಮೊನೆಗಳನ್ನು ಮೊಹಿದ್ದೀನ್ ಪಟ್ಟಿ ಕಟ್ಟಿದ ಕೈಯಲ್ಲೇ ಉಜ್ಜಿ ಮೊಂಡು ಮಾಡಿದ.

ಆಪರೇಶನ್ನಿನ ದಿನ ರೇವಣಪ್ಪನ ಗರಡಿಯವರು ಬಾಗಿಲ ಹೊರಗೆ ದೊಣ್ಣೆ ಊರಿ ಕೂತರು. "ದನಿ ಹೋದ್ರೆ ಡಾಕ್ಟ್ರ ಕತ್ತೂ ಹೋಯ್ತದೆ," ಎಂದು ಒಬ್ಬ ಒಳಕ್ಕೆ ಕೇಳುವಂತೆಯೇ ಹೇಳಿದ. ಮಲ್ಲಿಕಾರ್ಜುನ ಗಂಟಲ ಬದಿ ಸೀಳಿದ. ರಕ್ತ ಚಿಮ್ಮಿ ಕನ್ನಡಕಕ್ಕೆ ಬಡಿಯಿತು. ಮಿಡಿಯುವ ದೊಡ್ಡ ರಕ್ತನಾಳವನ್ನು ಪಕ್ಕಕ್ಕೆ ಸರಿಸಿ ಕೊಕ್ಕೆ ಇಳಿಸಿದ, ಚಾವಿ ತಿರುಗಿಸಿದ. ಚೂರುಗಳನ್ನು ಒಂದೊಂದಾಗಿ ಕಿತ್ತ. ನಡುನಡುವೆ ತಾನೇ ಉಸ್ತಾದನಂತೆ ಕೂಗುತ್ತಿದ್ದ: "ಬೀರಯ್ಯ, ಸಡ್ಲು!" ಅಗುಳಿ ಟಕ್ಕೆನ್ನುತ್ತಿತ್ತು. "ಬಿಗಿ!" ರೇವಣಪ್ಪನದೇ ಸೊಂಟದ ಮೂಳೆಯನ್ನು ಉಳಿ ಸುತ್ತಿಗೆಯಿಂದ ಕೆತ್ತಿ, ಆ ತುಂಡನ್ನು ಕತ್ತಿನ ಸಂದಿಗೆ ಬಡಿದು ಕೂರಿಸಿದ. ಸುತ್ತಿಗೆಯ ಒಂದೊಂದು ಏಟಿಗೂ ಹೊರಗೆ ದೊಣ್ಣೆಯವರು ಬೆಚ್ಚುತ್ತಿದ್ದರು.

ಮಾತು ಆಡಿಸಿ ನೋಡುವ ಬೆಳಗು ಬಂತು. ವಾರ್ಡಿನ ತುಂಬ ಗರಡಿಯವರು. ಬೀರಯ್ಯ ಎಲ್ಲೂ ಕಾಣಲಿಲ್ಲ.

"ರೇವಣಪ್ಪ, ಏನಾದ್ರೂ ಹೇಳಪ್ಪ," ಎಂದ ಮಲ್ಲಿಕಾರ್ಜುನ.

ಯಾಕೋ ಹೆದರಿದ್ದ ರೇವಣಪ್ಪ ಮೆಲ್ಲಗೆ ಬಾಯಿ ತೆರೆದ.

"ಬ್ಯಾ‍ಆಆ!"

ಟಗರಿನ ಕೂಗು. ದೊಣ್ಣೆಗಳು ಮೇಲೆದ್ದವು. ಡಾಕ್ಟರ ಕಣ್ಣ ಮುಂದೆ ಚಪ್ಪಾಳೆ ತಟ್ಟುವ ಹುಲಿಗೆಮ್ಮ ಬಂದು ನಿಂತಳು. ರೇವಣಪ್ಪ ಬೆವತುಹೋದ. ಬಾಯಿ ಬಿಗಿಯಾಗಿ ಮುಚ್ಚಿದ.

ಮುಚ್ಚಿದ ಮೇಲೂ ಇನ್ನೊಮ್ಮೆ "ಬ್ಯಾ‍ಆಆ!"

ಕತ್ತು ಕದಲಿಸದೆ ರೇವಣಪ್ಪ ಮಂಚದಡಿಗೆ ಕೈ ಇಳಿಸಿದ. ಬೆರಳು ಪೂರ್ತಿ ಮಡಚಲಿಲ್ಲ. ಆದರೂ ಒಂದು ಜುಟ್ಟು ಸಿಕ್ಕಿತು. ಎಳೆದ ರಭಸಕ್ಕೆ ಬೀರಯ್ಯನ ಮೂಗು ಮಂಚದ ಕಬ್ಬಿಣಕ್ಕೆ ಬಡಿದು ರಕ್ತ ಸುರಿಯಿತು. ಹಿಂದಿನ ಸಂಜೆ ಅವನೇ ಬಂದು ಕಿವಿಯಲ್ಲಿ ಹೇಳಿಹೋಗಿದ್ದ: "ನಿನ್ ಸೊಂಟದ ಮೂಳೆ ಸಾಲ್ಲಿಲ್ಲ ಕಣೋ, ಟಗರಿಂದು ಹಾಕವ್ರೆ."

"ಬಿಸಿನೀರಿಗೆ ಇದು ಬಡ್ಡಿ ಕಣ್ಲಾ," ಎಂದ ಬೀರಯ್ಯ, ಮೂಗು ಒರೆಸಿಕೊಳ್ಳುತ್ತ.

ಮಲ್ಲಿಕಾರ್ಜುನ ನೋಡುತ್ತಿದ್ದದ್ದು ಮೂಗನ್ನಲ್ಲ. ಜುಟ್ಟು ಹಿಡಿದ ಆ ಕೈಯನ್ನು. ಅಷ್ಟರಲ್ಲಿ ಗರಡಿಯವರು ನಕ್ಕರು, ಅವನೂ ನಕ್ಕ. ಅವರೆಲ್ಲರ ನಗೆಯನ್ನೂ ಅಡಗಿಸಿ, ಕಿಟಕಿಯ ಗಾಜು ಜುಂ ಎನ್ನುವಂತೆ, ಕಡೂರಿನ ಅಖಾಡ ಬಲ್ಲ ಅದೇ ದನಿಯಲ್ಲಿ ರೇವಣಪ್ಪ ಗಹಗಹಿಸಿ ನಗುತ್ತಿದ್ದ.