ಹೆಸರು ಹೇಳದ ಭಾಷೆ

ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಒದಿಲಿಯಾ ಇಂಗ್ಲಿಷ್ ಕಲಿಯಲು ಹೊರಟಾಗ ಅವಳು ಕೆಲಸ ಮಾಡುತ್ತಿದ್ದ ಕೋಳಿ ಮಾಂಸದ ಕಾರ್ಖಾನೆಯ ಹೆಂಗಸರೆಲ್ಲ ನಕ್ಕರು. ಹತ್ತೊಂಬತ್ತು ವರ್ಷ ಅಮೆರಿಕದ ಈ ನೆಬ್ರಾಸ್ಕದಲ್ಲಿ ‘ಯೆಸ್’, ‘ನೋ’, ‘ಥ್ಯಾಂಕ್ಯೂ’ ಮೂರರಲ್ಲೇ ಬದುಕು ಸಾಗಿಸಿದವಳಿಗೆ ಈಗೇನು ಬಂತು ಅಂತ. ಪಕ್ಕದಲ್ಲಿ ನಿಂತು ರೆಕ್ಕೆ ಕತ್ತರಿಸುವ ರುಬೆನಿಯಾ, “ಮುದಿ ಗಿಳಿ ಮಾತು ಕಲಿಯಲ್ಲ ಕಣೇ” ಎಂದಳು. ಅವರ ಕಡೆಯ ಗಾದೆ ಅದು. ಒದಿಲಿಯಾ ಕೂಡ ಅದನ್ನು ಎಷ್ಟೋ ಜನರಿಗೆ ಹೇಳಿದ್ದಳು.

ಅವಳು ಹೋದದ್ದು ಇಂಗ್ಲಿಷಿಗಾಗಿ ಅಲ್ಲ. ಕೆಲಸ ಮುಗಿಸಿ ಬಂದರೆ ಮನೆಯಲ್ಲಿ ಎರಡು ಮಂಚ, ಒಬ್ಬಳೇ ಅವಳು. ಗ್ರಂಥಾಲಯದ ಕೆಳಮಾಳಿಗೆಯಲ್ಲಿ ಮಂಗಳವಾರ, ಗುರುವಾರ ಬೆಚ್ಚಗಿರುತ್ತದೆ, ಬಿಟ್ಟಿ ಕಾಫಿ ಇರುತ್ತದೆ, ಯಾರೋ ಒಬ್ಬರು ಮಾತಾಡುತ್ತಿರುತ್ತಾರೆ. ಅಷ್ಟು ಸಾಕಾಗಿತ್ತು.

ಮಗ ಸತ್ತು ಆಗ ಐದು ತಿಂಗಳು. ಇಪ್ಪತ್ತೊಂದರ ಹುಡುಗ. ಹೆಂಚಿನ ಕೆಲಸಕ್ಕೆ ಹೋದವನು ಇಬ್ಬನಿ ಕೂತ ಛಾವಣಿಯಿಂದ ಜಾರಿ ಬಿದ್ದ. ಊರಾಚೆಯ ಸ್ಮಶಾನದ ಮೂಲೆಯಲ್ಲಿ ಹೂಳುವಾಗ ಇದ್ದವರು ರುಬೆನಿಯಾ, ಅವಳ ಗಂಡ, ಹುಡುಗನ ಜೊತೆ ಕೆಲಸ ಮಾಡುತ್ತಿದ್ದ ಇಬ್ಬರು. ಒದಿಲಿಯಾ ಅಳಲಿಲ್ಲ. ಮಾರನೆಯ ದಿನ ಕೆಲಸಕ್ಕೆ ಹೋದಳು. ತಣ್ಣನೆಯ ಕೋಳಿ ಹಿಡಿದು ಹಿಡಿದು ಚಳಿಗೆ ಬೆರಳು ಮರಗಟ್ಟುವುದು ಅಲ್ಲಿ ಎಲ್ಲರಿಗೂ ರೂಢಿ. ಈಗ ಅವಳಿಗೆ ಮೈಯೆಲ್ಲ ಹಾಗೆ ಆಗಿತ್ತು, ಅಷ್ಟೇ.

ಬೇಸಿಗೆಯ ಒಂದು ದಿನ ಬೆವರ್ಲಿ ಟೀಚರ್ ಕುಟುಂಬದ ಪಾಠ ಮಾಡಿದರು. ಪ್ರತಿಯೊಬ್ಬರೂ ಎದ್ದು ನಿಂತು ನಾಲ್ಕು ವಾಕ್ಯ ಹೇಳಬೇಕು. ಒದಿಲಿಯಾಳ ಸರದಿ ಬಂತು. ಎದ್ದಳು. ಒಂದನೆಯ ತರಗತಿಯ ಮಗು ಓದುವ ಹಾಗೆ ಹೇಳಿದಳು: “ನನಗೆ ಒಬ್ಬ ಮಗನಿದ್ದನು. ಅವನು ಕೆಲಸಕ್ಕೆ ಹೋದನು. ಅವನು ಮೇಲಿನಿಂದ ಬಿದ್ದನು. ಅವನು ಸತ್ತನು.”

ಅವಳಿಗೇನೂ ಆಗಲಿಲ್ಲ. ಆಶ್ಚರ್ಯವಾದದ್ದು ಅದೇ. ಏಳೆಂಟು ತಿಂಗಳಿಂದ ನಾಲಿಗೆಯ ಮೇಲೆ ತಂದುಕೊಳ್ಳಲಾಗದೆ ಒದ್ದಾಡಿದ್ದ ಮಾತು ಇಂಗ್ಲಿಷಿನಲ್ಲಿ ‘ಮೇಜಿನ ಮೇಲೆ ಪುಸ್ತಕವಿದೆ’ ಎಂದಷ್ಟೇ ಸಲೀಸಾಗಿ ಹೊರಬಂದಿತ್ತು. ಟೀಚರ್ ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದರು: “ಅವನ ಹೆಸರೇನು?”

ಮೊದಲ ದಿನವೇ ಕಲಿತ ವಾಕ್ಯ ಅದು. ಒದಿಲಿಯಾ ಅರ್ಥವಾಗದವಳಂತೆ ತಲೆಯಾಡಿಸಿ ಕೂತುಬಿಟ್ಟಳು.

ಆಮೇಲೆ ಅದೊಂದು ಚಟವಾಯಿತು. ಬಸ್ಸಿನ ಡ್ರೈವರಿಗೆ ಹೇಳಿದಳು. ಔಷಧಿ ಅಂಗಡಿಯವನಿಗೆ, ಹಲ್ಲಿನ ಡಾಕ್ಟರಿಗೆ ಹೇಳಿದಳು. ದಿನಸಿ ಅಂಗಡಿಯ ಹುಡುಗಿ ಗಲ್ಲಾ ಬಿಟ್ಟು ಬಂದು ತಬ್ಬಿಕೊಂಡಳು; ಒದಿಲಿಯಾ ಅವಳ ಭುಜದ ಮೇಲಿಂದ ಈರುಳ್ಳಿಯ ರಾಶಿ ನೋಡುತ್ತ ನಿಂತಿದ್ದಳು. ಎಲ್ಲರಿಗೂ ಅವೇ ನಾಲ್ಕು ವಾಕ್ಯ. ಯಾರಿಗೂ ಹೆಸರು ಹೇಳಲಿಲ್ಲ.

ತನ್ನ ತಾಯ್ನುಡಿ ಸ್ಪ್ಯಾನಿಷಿನಲ್ಲಿ ಮಾತ್ರ ಬಾಯಿಗೆ ಬೀಗ. ಹೇಳಲೇಬೇಕಾದವಳು ಒಬ್ಬಳಿದ್ದಳು: ಹೊಂಡುರಾಸಿನಲ್ಲಿದ್ದ ಅವಳ ತಾಯಿ ತಿಮೊತೆಯಾ.

ಮಗನಿಗೆ ಮೂರು ವರ್ಷವಾದಾಗ ಒದಿಲಿಯಾ ಅವನನ್ನು ತಾಯಿಯ ಮಡಿಲಿಗೆ ಹಾಕಿ ಇತ್ತ ಬಂದಿದ್ದಳು. ಹದಿನೈದು ವರ್ಷ ಸಾಕಿದವಳು ಅಜ್ಜಿ. ಅವನು ಇಲ್ಲಿಗೆ ಹೊರಟಾಗ ಫೋನಿನಲ್ಲಿ, “ನನ್ನ ಕೈಯಿಂದ ನಿನ್ನ ಕೈಗೆ ಕೊಡ್ತಿದೀನಿ, ಹುಷಾರು” ಎಂದಿದ್ದಳು. ಅವನು ಬಿದ್ದ ವಾರ ಮುದುಕಿಗೆ ಕಣ್ಣಿನ ಆಪರೇಷನ್ ಆಗಿತ್ತು. ಅಳಬಾರದು ಅಂತ ಡಾಕ್ಟರು ಹೇಳಿದ್ದರು. “ಹುಡುಗ ಎಲ್ಲೇ?” ಎಂದಾಗ “ಮಲಗಿದಾನೆ” ಎಂದಳು ಒದಿಲಿಯಾ. ಮುಂದಿನ ಭಾನುವಾರ “ಕೆಲಸಕ್ಕೆ ಹೋಗಿದಾನೆ.” ಆಮೇಲೆ “ದೂರದ ಊರಲ್ಲಿ ಕೆಲಸ, ಫೋನ್ ಸಿಗಲ್ಲ.” ಕಣ್ಣು ಯಾವತ್ತೋ ವಾಸಿಯಾಯಿತು. ಸುಳ್ಳು ಬೆಳೆಯುತ್ತಲೇ ಹೋಯಿತು.

ಅದಕ್ಕಿಂತ ಕೆಟ್ಟ ಸಂಗತಿಯೆಂದರೆ, ತಿಮೊತೆಯಾ ಊರಿನ ಪ್ರಾರ್ಥನೆಯವಳು. ಯಾರೇ ಸಾಯಲಿ, ಒಂಬತ್ತು ದಿನ ಆ ಮನೆಯಲ್ಲಿ ಕೂತು ಜಪಸರ ಹಿಡಿದು ಪ್ರಾರ್ಥನೆ ನಡೆಸುವವಳು ಅವಳೇ. ನಲವತ್ತು ವರ್ಷದಲ್ಲಿ ಸುತ್ತಲ ಮೂರು ಹಳ್ಳಿಯ ಹೆಣಗಳನ್ನೆಲ್ಲ ಸ್ವರ್ಗದ ದಾರಿಗೆ ಹಚ್ಚಿದವಳು. ಅಂಥವಳ ಮೊಮ್ಮಗನಿಗೆ ಒಂದು ದಿನದ ಪ್ರಾರ್ಥನೆಯೂ ಆಗಿರಲಿಲ್ಲ.

ಅಕ್ಟೋಬರಿನ ಕೊನೆಯ ಭಾನುವಾರ ಫೋನಿನಲ್ಲಿ ಮುದುಕಿ ಸಿಡಿಮಿಡಿಗುಟ್ಟುತ್ತಿದ್ದಳು. “ನಮ್ಮೂರ ಚೀಲೊ ಮಗ ಸತ್ತು ಎರಡು ತಿಂಗಳಾಗಿದ್ಯಂತೆ ಕಣೇ, ಹ್ಯೂಸ್ಟನ್‌ನಲ್ಲಿ. ಅವನ ಹೆಂಡತಿ ಬಾಯೇ ಬಿಟ್ಟಿಲ್ಲ! ಎರಡು ತಿಂಗಳು ಆ ಜೀವ ಪ್ರಾರ್ಥನೆ ಇಲ್ದೆ, ಅನ್ನ ನೀರಿಲ್ಲದ ನಾಯಿ ಥರ ಬೀದಿ ಅಲೀತಾ ಇತ್ತಲ್ಲ! ಎಂಥಾ ಕಲ್ಲೆದೆ ಹೆಂಗಸರಿರ್ತಾರೆ ಹೇಳು.”

“ಹೂಂ” ಎಂದಳು ಒದಿಲಿಯಾ.

“ನಮ್ ಹುಡುಗನಿಗೆ ಹೇಳು, ಒಂದ್ಸಲ ಮಾತಾಡು ಅಂತ. ನಾನೇನು ಅವನನ್ನ ತಿಂದುಬಿಡಲ್ಲ.”

ಸೋಮವಾರ ಕಾರ್ಖಾನೆಯಲ್ಲಿ ಇದನ್ನು ಕೇಳಿ ರುಬೆನಿಯಾ ಚಾಕು ಕೆಳಗಿಟ್ಟಳು. “ಬಸ್ ಡ್ರೈವರಿಗೆ ಹೇಳ್ದೆ. ಹಲ್ಲು ಕೀಳೋನಿಗೆ ಹೇಳ್ದೆ. ಊರಿಗೆಲ್ಲ ಡಂಗುರ ಹೊಡೆದೆಯಲ್ಲೇ, ಹೆತ್ತವಳಿಗೆ ಹೇಳೋಕೆ ಏನೇ ರೋಗ ನಿಂಗೆ?”

“ಅಮ್ಮನಿಗೆ ಇಂಗ್ಲಿಷ್ ಬರಲ್ಲ.”

“ಅಯ್ಯೋ ನಿನ್ನ! ತಮಾಷೆ ಮಾಡ್ತೀಯಾ?”

ಒದಿಲಿಯಾ ತಮಾಷೆ ಮಾಡಿರಲಿಲ್ಲ.

“ಮುಂದಿನ ಭಾನುವಾರಕ್ಕೆ ವರ್ಷ ತುಂಬುತ್ತೆ” ಎಂದಳು ರುಬೆನಿಯಾ, ದನಿ ಇಳಿಸಿ. “ವರ್ಷದ ಪ್ರಾರ್ಥನೆನೂ ತಪ್ಪಿಸಿದ್ರೆ ಆ ಮುದುಕಿ ನಿನ್ನನ್ನ ಕ್ಷಮಿಸಲ್ಲ. ನಾನೂ ಅಷ್ಟೇ.” ಮತ್ತೆ ಚಾಕು ಎತ್ತಿಕೊಂಡು ಕೆಲಸ ಹಿಡಿದಳು.

ಭಾನುವಾರ ಮಧ್ಯಾಹ್ನ ಒದಿಲಿಯಾ ಮಗನ ಮಂಚದ ಮೇಲೆ ಕೂತು ಫೋನ್ ಹಚ್ಚಿದಳು. ಆ ಕಡೆ ಕೋಳಿ ಕೂಗುತ್ತಿತ್ತು, ಯಾರೋ ಸೌದೆ ಒಡೆಯುತ್ತಿದ್ದರು. ತಾಯಿ ಜೋಳ ರುಬ್ಬಿದ್ದನ್ನು, ಮಂಡಿನೋವನ್ನು ಹೇಳಿದಳು. ಕೊನೆಗೆ ಎಂದಿನಂತೆ, “ಹುಡುಗ ಎಲ್ಲೇ?” ಎಂದಳು.

ಒದಿಲಿಯಾ ಬಾಯಿ ತೆರೆದಳು. ಬಂದದ್ದು ಇಂಗ್ಲಿಷ್. “ನನಗೆ ಒಬ್ಬ ಮಗನಿದ್ದನು. ಅವನು ಕೆಲಸಕ್ಕೆ ಹೋದನು...” ನಾಲ್ಕೂ ವಾಕ್ಯ ಹೇಳಿ ಮುಗಿಸಿದಳು. ಒಂದು ತಪ್ಪೂ ಇರಲಿಲ್ಲ.

“ಅದೇನೇ ಬಡಬಡಿಸ್ತೀಯ?” ಮುದುಕಿ ನಕ್ಕಳು. “ದೊಡ್ಡ ಮನುಷ್ಯಳಾಗ್ಬಿಟ್ಟೆ. ನಮ್ ಭಾಷೇಲಿ ಮಾತಾಡು ತಾಯಿ, ನಂಗೂ ತಿಳೀಲಿ.”

ಆ ನಗು ಒದಿಲಿಯಾಳಿಗೆ ನಾಟಿತು. ವರ್ಷದಿಂದ ಅವಳ ಮೈಯಲ್ಲಿ ಏನಾದರೂ ಅಲುಗಾಡಿದ್ದು ಅದೇ ಮೊದಲು. ತಮ್ಮ ಭಾಷೆಯಲ್ಲೇ ಹೇಳಿದಳು: “ಹುಡುಗ ಇಲ್ಲಮ್ಮ. ಹೋಗ್ಬಿಟ್ಟ. ಇವತ್ತಿಗೆ ಒಂದು ವರ್ಷ. ಹೆಂಚಿನ ಮೇಲಿಂದ ಬಿದ್ದ. ನಾನು ನಿಂಗೆ ಸುಳ್ಳು ಹೇಳ್ದೆ.”

ಸೌದೆಯ ಸದ್ದು ಕೇಳುತ್ತಲೇ ಇತ್ತು. ಬೈಗುಳಕ್ಕೆ ಕಾದಳು ಒದಿಲಿಯಾ. ಬೈದಿದ್ದರೆ ಒಳ್ಳೆಯದಿತ್ತು.

“ಎಷ್ಟು ಗಂಟೆಗೆ?” ಎಂದಳು ತಾಯಿ. ಸತ್ತವರ ಮನೆ ಬಾಗಿಲಲ್ಲಿ ನಿಂತು ಕೇಳುವ ಅದೇ ದನಿ, ಏರಿಲ್ಲ ಇಳಿದಿಲ್ಲ.

“ಬೆಳಗ್ಗೆ ಒಂಬತ್ತಕ್ಕೆ.”

“ಪಾದ್ರಿಗಳು ಬಂದಿದ್ರಾ?”

“ಇಲ್ಲ.”

“ಒಂಬತ್ತು ದಿನ ಯಾರು ಮಾಡಿದ್ರು?”

“ಯಾರೂ ಇಲ್ಲಮ್ಮ.”

ಆ ಕಡೆ ಕುರ್ಚಿ ಎಳೆದ ಸದ್ದು. ಬೆಂಕಿಕಡ್ಡಿ ಗೀರಿದ ಸದ್ದು. “ಹಾಗಾದ್ರೆ ಇವತ್ತೇ ಮೊದಲನೇ ದಿನ. ಫೋನ್ ಇಡಬೇಡ. ಹೆಸರು ಹೇಳು.”

“ಅಮ್ಮ, ನಿಂಗೆ ಗೊತ್ತಲ್ಲ...”

“ನಂಗೆ ಗೊತ್ತಿರೋದು ಬೇರೆ ಮಾತು. ಹೆಸರು ಹೇಳ್ದೆ ಶುರು ಮಾಡೋ ಹಾಗಿಲ್ಲ. ಮನೆಯವರೇ ಹೇಳ್ಬೇಕು.”

ಒದಿಲಿಯಾ ಮಂಚದ ಹೊದಿಕೆ ಹಿಡಿದುಕೊಂಡಳು. ಅದರಲ್ಲಿ ಇನ್ನೂ ಅವನ ವಾಸನೆಯಿತ್ತು, ವರ್ಷದಿಂದ ಒಗೆದಿರಲಿಲ್ಲ.

“ನೆರಿ” ಎಂದಳು. “ನೆರಿ ಒತೊನಿಯೆಲ್. ನನ್ನ ಮಗ.”

ಹೇಳಿದ್ದೇ ತಡ, ಅಳತೊಡಗಿದಳು. ತಾಯಿ ಈಗ ಶುರುಮಾಡುತ್ತಾಳೆ ಎಂದು ಕಾದಳು. ಶುರುವಾಗಲಿಲ್ಲ. ನಲವತ್ತು ವರ್ಷ ಯಾರ ಮನೆಯಲ್ಲೂ ತಡವರಿಸದ ದನಿ “ಸ್ವಾಮಿ...” ಎಂದು ಅಲ್ಲೇ ನಿಂತಿತು. ಮತ್ತೊಮ್ಮೆ “ಸ್ವಾಮಿ...” ಎಂದಿತು. ಆಮೇಲೆ ಮುದುಕಿ ಬಾಯಿಗೆ ಬಟ್ಟೆಯಂಥ ಏನನ್ನೋ ಒತ್ತಿಕೊಂಡು ಅಳುವುದು ಕೇಳಿಸಿತು.

ಚಿಕ್ಕಂದಿನಲ್ಲಿ ಒದಿಲಿಯಾ ತಾಯಿಯ ಪಕ್ಕ ಕೂತು ಎಷ್ಟು ಮನೆಗಳಲ್ಲಿ ಈ ಪ್ರಾರ್ಥನೆಯನ್ನು ಕೇಳಿರಲಿಲ್ಲ! ಒಮ್ಮೆಯೂ ಮುಂದಾಗಿ ಹೇಳಿದವಳಲ್ಲ.

“ಸ್ವಾಮಿ, ನೆರಿಗೆ ನಿತ್ಯ ವಿಶ್ರಾಂತಿಯನ್ನು ಕೊಡು” ಎಂದಳು, ಅಳುತ್ತಲೇ.

ಆ ಕಡೆಯಿಂದ ತಾಯಿ ಓಗೊಟ್ಟಳು: “ನಿತ್ಯ ಬೆಳಕು ಅವನ ಮೇಲೆ ಬೆಳಗಲಿ.”