ಉತ್ತರ ಬಲ್ಲವಳ ಕೈ

ಲಿಂಗಂಪಲ್ಲಿಯ ರೈಲು ನಿಲ್ದಾಣದ ಹಿಂದೆ ತಗಡಿನ ಮನೆಗಳ ಸಾಲೊಂದಿತ್ತು. ಬೂದೆಪ್ಪನ ಸಂಸಾರ ಅಲ್ಲಿಯೇ. ಹೈಟೆಕ್ ಸಿಟಿಯ ಸುತ್ತ ಗಾಜಿನ ಕಟ್ಟಡಗಳು ಒಂದರ ಬೆನ್ನಿಗೊಂದು ಏಳುತ್ತಿದ್ದ ವರ್ಷಗಳವು. ಯಾದಗಿರಿ ಕಡೆಯಿಂದ ಬಂದ ಬೂದೆಪ್ಪ ಅಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಹೆಂಡತಿ ಶಂಕ್ರಮ್ಮ ಇಟ್ಟಿಗೆ ಹೊರುತ್ತಿದ್ದಳು. ಸಂಜೆ ಇಬ್ಬರೂ ಸಿಮೆಂಟಿನ ಧೂಳು ತೊಳೆದುಕೊಂಡು ಕುಳಿತರೆ ಮಗಳು ಶಿವಗಂಗಾ ಒಲೆಯ ಮುಂದೆ ಮಗ್ಗಿ ಹೇಳುತ್ತಿದ್ದಳು. ತಮ್ಮ ಮಲ್ಲು ತಟ್ಟೆ ಬಾರಿಸಿ ತಾಳ ಹಾಕುತ್ತಿದ್ದ. ಅಕ್ಕ ತಮ್ಮ ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿಯುವುದನ್ನು ನೋಡಿ ಶಂಕ್ರಮ್ಮ, "ಇವೆರಡೂ ಶ್ಯಾಣ್ಯಾ ಆದ್ರ ಸಾಕು, ನಾ ಹೊತ್ತ ಇಟ್ಟಂಗಿ ಎಲ್ಲಾ ಹಗುರಾಕ್ಕಾವು" ಎನ್ನುತ್ತಿದ್ದಳು.

ಓಣಿಯ ತುದಿಯಲ್ಲಿ ಸಣ್ಣದೊಂದು ಕನ್ನಡ ಶಾಲೆ. ವಲಸೆ ಬಂದವರ ಮಕ್ಕಳಿಗಾಗಿ ಅದನ್ನು ಕಟ್ಟಿದವರು ಹೆಡ್‌ಮಾಸ್ತರ ಅಮರೇಶಪ್ಪನವರು. ಕೆಟ್ಟ ಮನುಷ್ಯರಲ್ಲ. ಜ್ವರ ಬಂದ ಮಗುವನ್ನು ತಾವೇ ಹೆಗಲ ಮೇಲೆ ಹೊತ್ತು ದವಾಖಾನೆಗೆ ಒಯ್ಯುವಂಥವರು. ಆದರೆ ತಾವು ಕಲಿತ ಕಾಲದ ಒಂದು ಪದ್ಧತಿಯನ್ನು ಅವರು ಬಿಟ್ಟಿರಲಿಲ್ಲ. ಪ್ರಶ್ನೆಗೆ ಉತ್ತರ ಹೇಳಿದ ಮಗು, ಹೇಳಲಾರದವರ ಮೂಗು ಹಿಡಿದು ಕೆನ್ನೆಗೆ ಹೊಡೆಯಬೇಕು. ಮೆತ್ತಗೆ ಹೊಡೆದರೆ ಮಾಸ್ತರರು ಆ ಮಗುವಿನ ಕೆನ್ನೆಗೇ ಬಾರಿಸಿ, "ಹಿಂಗ ಹೊಡಿಬೇಕು" ಎಂದು ತೋರಿಸುತ್ತಿದ್ದರು.

ನಾಲ್ಕನೆಯ ಮತ್ತು ಐದನೆಯ ತರಗತಿಗಳು ಒಂದೇ ಕೋಣೆಯಲ್ಲಿ ಕೂರುತ್ತಿದ್ದವು. ಹೀಗಾಗಿ ಐದನೆಯದರಲ್ಲಿದ್ದ ಶಿವಗಂಗಾ ನಾಲ್ಕನೆಯದರಲ್ಲಿದ್ದ ತಮ್ಮನಿಗೇ ಹೊಡೆಯಬೇಕಾಯಿತು. ಮೊದಲ ಸಲ ಅವಳು ಕೆನ್ನೆ ಮುಟ್ಟಿದಳಷ್ಟೆ. ಅದಕ್ಕೆ ತಾನು ಏಟು ತಿಂದಳು. ಎರಡನೆಯ ಸಲ ಹೆದರಿ ಜೋರಾಗಿಯೇ ಹೊಡೆದಳು. ಮಕ್ಕಳೆಲ್ಲ ನಕ್ಕರು. ಮಲ್ಲು ಅಳಲಿಲ್ಲ. ಆದರೆ ಅಂದು ಸಂಜೆ ಅವನು ಬೇರೆ ತಟ್ಟೆ ಕೇಳಿದ.

ಅಲ್ಲಿಂದ ಹುಡುಗ ಬೇರೆಯೇ ಆದ. ಪಕ್ಕದವನ ಕೈ ಕಚ್ಚಿದ, ಪಾಟಿ ಒಡೆದ, ಶಾಲೆಯ ನೀರಿನ ಕೊಡ ಒದ್ದು ಉರುಳಿಸಿದ. ಪ್ರತಿ ತಪ್ಪಿಗೂ ಏಟು. ಪ್ರತಿ ಏಟಿಗೂ ಹೊಸ ತಪ್ಪು. ಇತ್ತ ಮಾಸ್ತರರು ಮಗ್ಗಿ ಕೇಳಿದರೆ ಶಿವಗಂಗಾ ತಲೆ ತಗ್ಗಿಸಿ, "ಬರೂದಿಲ್ರಿ" ಎನ್ನತೊಡಗಿದಳು.

ಆ ವರ್ಷ ಹೊಸದಾಗಿ ಸೇರಿದ ವಿಶಾಲಾಕ್ಷಿ ಟೀಚರ್ ಇದನ್ನು ಗಮನಿಸಿದರು. ಮಲ್ಲು ದಿನವಿಡೀ ರಂಪ ಮಾಡುವವನಲ್ಲ. ಮಗ್ಗಿಯ ಹೊತ್ತು ಹತ್ತಿರ ಬಂದಾಗ ಮಾತ್ರ ಅವನ ಕಾಲು ನಡುಗುತ್ತಿತ್ತು, ಕಣ್ಣು ಬಾಗಿಲ ಕಡೆ ಓಡುತ್ತಿತ್ತು. ಆಮೇಲೆಯೇ ಏನಾದರೂ ಒಡೆಯುತ್ತಿತ್ತು. ಒಂದು ಮಧ್ಯಾಹ್ನ ಅವರು ಶಿವಗಂಗಾಳನ್ನು ಪಕ್ಕಕ್ಕೆ ಕರೆದು ಕೇಳಿದರು.

"ನಿನಗ ಖರೇನಽ ಮಗ್ಗಿ ಮರತೈತೇನವ್ವಾ?"

ಹುಡುಗಿ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡಳು. "ಎಲ್ಲಾ ಬರ್ತಾವ್ರಿ ಟೀಚರ್. ಹೇಳಿದ್ರ ಹೊಡಿಬೇಕಲ್ರಿ."

ತಮ್ಮನ ಕೆನ್ನೆಗೆ ತನ್ನ ಕೈ ಬೀಳದಿರಲೆಂದು ಈ ಮಗು ದಿನವೂ ದಡ್ಡಿಯೆನ್ನಿಸಿಕೊಂಡು, ಬೇರೆಯವರಿಂದ ಏಟು ತಿನ್ನುತ್ತಿತ್ತು!

ಅವರು ಅಮರೇಶಪ್ಪನವರ ಬಳಿ ಹೋದರು. "ಸರ್, ಹೊಡತ ಬೀಳ್ತೈತಿ ಅನ್ನೂ ಅಂಜಿಕಿಗೇ ಆ ಹುಡುಗ ಹಂಗ ಮಾಡಾಕತ್ತಾನ್ರಿ. ಅಂಜಿಕಿ ತಗದ್ರ ರಂಪಾನೂ ಹೋಗ್ತೈತಿ."

"ಅಕ್ಕೋರ, ನೀವಿನ್ನ ಹೊಸಬ್ರು," ಎಂದರು ಅವರು. "ಅಂಜಿಕಿ ತಗದ್ರ ಸಾಲಿ ಉಳಿಯಂಗಿಲ್ಲ. ನಾನೂ ಹೊಡಿಸ್ಕೊಂಡಽ ಮಾಸ್ತರ ಆಗೀನಿ."

ಸಂಜೆ ವಿಶಾಲಾಕ್ಷಿ ಬೂದೆಪ್ಪನ ಮನೆಗೂ ಹೋದರು. ಅವನದೂ ಅದೇ ಮಾತು. "ನಾನಽ ಸರ್‌ಗೆ ಹೇಳೀನ್ರಿ, ಚಲೋತಂಗ ಬಡೀರಿ ಅಂತ. ನಾವೂ ಬಡಿಸ್ಕೊಂಡಽ ಬೆಳದೇವಿ."

"ನೀವು ಎಷ್ಟನೇತ್ತ ತನಕ ಕಲ್ತೀರಿ?"

"ಎರಡನೇತ್ತಕ್ಕ ಬಿಟ್ಟೆ."

"ಯಾಕ ಬಿಟ್ರಿ?"

"ಬಡೀತಾರಂತ…" ಎಂದ ಬೂದೆಪ್ಪ ಮಾತನ್ನು ಅಲ್ಲಿಗೇ ಬಿಟ್ಟ. ಒಲೆಯ ಮುಂದಿದ್ದ ಶಂಕ್ರಮ್ಮ ಗಂಡನ ಮುಖ ನೋಡಿದಳು.

ಮರುವಾರ ಮಲ್ಲು ಎಸೆದ ಪಾಟಿಯ ಚೂರು ಒಬ್ಬ ಹುಡುಗನ ಹಣೆ ಸೀಳಿತು. ಮಲ್ಲುವನ್ನು ಶಾಲೆಯಿಂದ ತೆಗೆದುಹಾಕುವುದೆಂದು ತೀರ್ಮಾನಿಸಿ ಅಮರೇಶಪ್ಪನವರು ಬೂದೆಪ್ಪನನ್ನು ಕರೆಸಿದರು. "ಇವನ ನಸೀಬಽ ಇಷ್ಟು. ನನ್ನ ಕೂಡ ಉಸುಕು ಹೊರ್ಲಿ" ಎಂದ ಬೂದೆಪ್ಪ. ಮಾಸ್ತರರು ತಂದೆಯನ್ನು ತರಗತಿಯ ಬಾಗಿಲಲ್ಲಿ ನಿಲ್ಲಿಸಿ, "ನಿನ್ನ ಮಗ ಎಂಥಾಂವ ನೀನಽ ನೋಡು" ಎಂದು ಮಲ್ಲುವನ್ನು ಎಬ್ಬಿಸಿದರು.

"ಹದಿಮೂರ ಎಂಟ್ಲೆ ಎಷ್ಟೋ?"

ಮಲ್ಲು ಹಲ್ಲು ಕಚ್ಚಿ ನಿಂತ. ಆಗ ಹಿಂದಿನ ಸಾಲಿನಿಂದ ಶಿವಗಂಗಾ ಎದ್ದಳು.

"ನೂರಾ ನಾಕು ರಿ."

"ಶಾಬಾಸ್! ಈಗ ಬಂತು ನೋಡು. ಹೊಡಿ ಅವಗ."

"ಉತ್ತರ ಹೇಳ್ತೀನ್ರಿ ಸರ್. ಹೊಡಿಯಂಗಿಲ್ಲ."

ಧ್ವನಿ ದೊಡ್ಡದಾಗಿರಲಿಲ್ಲ. ಆದರೂ ಮಕ್ಕಳೆಲ್ಲ ಅವಳ ಕಡೆ ತಿರುಗಿದರು. ಹೆಡ್‌ಮಾಸ್ತರರಿಗೆ ಇಲ್ಲವೆಂದ ಮಗು ಆ ಶಾಲೆಯಲ್ಲಿ ಹುಟ್ಟಿರಲಿಲ್ಲ. ಅಮರೇಶಪ್ಪನವರ ಮುಖ ಕೆಂಪೇರಿತು. "ಹಂಗಾರ, ಮಲ್ಲು, ನೀನು ಆಕಿಗೆ ಹೊಡಿ! ಆಕಿ ಕೊಟ್ಟದ್ದೆಲ್ಲಾ ತಿರಗಿ ಕೊಡು."

ಮಲ್ಲು ಅಕ್ಕನ ಮುಂದೆ ಬಂದು ನಿಂತ. ಕಚ್ಚುವ, ಒದೆಯುವ, ಒಡೆಯುವ ಹುಡುಗ. ಅವನು ಹೊಡೆದೇಬಿಡುತ್ತಾನೆಂದು ಎಲ್ಲರೂ ಕಾದರು. ಗೋಡೆಯ ಬಳಿ ನಿಂತಿದ್ದ ವಿಶಾಲಾಕ್ಷಿಯೂ ಕಣ್ಣು ಮುಚ್ಚಿದರು. ಶಿವಗಂಗಾ ಮಾತ್ರ ಮುಖ ತಿರುಗಿಸಲಿಲ್ಲ. ಮಲ್ಲು ಎರಡೂ ಕೈಗಳನ್ನು ಚಡ್ಡಿಯ ಜೇಬಿನೊಳಗೆ ತುರುಕಿದ.

"ಒಲ್ಲೆ ರಿ" ಎಂದ.

ಓದುಗರೇ, ಆ ನಗರದಲ್ಲಿ ಆಗ ಆಕಾಶ ಮುಟ್ಟುವ ಕಟ್ಟಡಗಳನ್ನು ಜನ ನಿಂತು ಬೆರಗಿನಿಂದ ನೋಡುತ್ತಿದ್ದರು. ಅವುಗಳನ್ನು ಕಟ್ಟುವ ಬೂದೆಪ್ಪ ಯಾವುದಕ್ಕೂ ತಲೆಯೆತ್ತಿ ಬೆರಗಾದವನಲ್ಲ. ಅವತ್ತು ತನ್ನ ಎದೆಮಟ್ಟಕ್ಕೂ ಬಾರದ ಮಕ್ಕಳನ್ನು ಅವನು ಹಾಗೆ ನೋಡಿದ. ಮಾಸ್ತರರು ತಾವೇ ಕೈಯೆತ್ತಿದಾಗ ಅವನು ನಡುವೆ ಬಂದ.

"ಸರ್, ಬಡೀರಿ ಅಂದಾಂವ ನಾನಽ ರಿ. ತಪ್ಪಾತು. ಇನ್ನ ಬ್ಯಾಡ್ರಿ."

ಅಮರೇಶಪ್ಪನವರು ಎತ್ತಿದ ಕೈ ಇಳಿಸಿ ಹೊರಗೆ ಹೋದರು. ಮಲ್ಲುವನ್ನು ತೆಗೆದುಹಾಕುವ ಮಾತು ಮತ್ತೆ ಏಳಲಿಲ್ಲ. ಗಾಯಗೊಂಡ ಹುಡುಗನ ಮನೆಗೆ ಮಲ್ಲು ತಂದೆಯೊಂದಿಗೆ ಹೋಗಿ ತಪ್ಪೊಪ್ಪಿಕೊಂಡು ಬಂದ. ವಿಶಾಲಾಕ್ಷಿ ಮಗ್ಗಿಯ ಹೊತ್ತಿನಲ್ಲಿ ಅವನನ್ನು ತಮ್ಮ ಹತ್ತಿರ ಕೂರಿಸಿ, ಹುಣಸೆಬೀಜ ಜೋಡಿಸಿ ಲೆಕ್ಕ ತೋರಿಸಿದರು. ಕಾಲು ನಡುಗಲು ಶುರುವಾದರೆ ಅಂಗಳದಲ್ಲಿ ಒಂದು ಸುತ್ತು ಹಾಕಿ ಬರಲು ಬಿಟ್ಟರು. ರಂಪ ಒಂದೇ ದಿನಕ್ಕೆ ನಿಲ್ಲಲಿಲ್ಲ, ಕಡಿಮೆಯಾಗುತ್ತ ಬಂತು.

ಕೆಲವು ದಿನ ಆ ಕೋಣೆಗೆ ಕಾಲಿಡದಿದ್ದ ಅಮರೇಶಪ್ಪನವರು ಒಂದು ಬೆಳಿಗ್ಗೆ ತರಗತಿಗೆ ಮರಳಿದರು. ಬೋರ್ಡಿನ ಮೇಲೆ ಲೆಕ್ಕವೊಂದನ್ನು ಬರೆದು, ಉತ್ತರ ಕೇಳಲು ಮಕ್ಕಳ ಕಡೆ ತಿರುಗಿದರು. ಉತ್ತರ ಬಾರದ ಮಕ್ಕಳೆಲ್ಲ, ಯಾರೂ ಹೇಳದೆಯೇ, ಅಂಗೈಯಿಂದ ಕೆನ್ನೆ ಮುಚ್ಚಿಕೊಂಡು ಕುಳಿತಿದ್ದರು. ಇಷ್ಟು ವರ್ಷ ಅದು ಮಾಸ್ತರರ ಕಣ್ಣಿಗೆ ಬಿದ್ದೇ ಇರಲಿಲ್ಲ. ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು.

"ಕೈ ತಗೀರಪಾ," ಎಂದರು ಅವರು. "ಯಾರಿಗೆ ಬರ್ತೈತೋ ಅವರು ಬಾಜೂದವರಿಗೆ ಹೇಳಿಕೊಡ್ರಿ."

ಶಿವಗಂಗಾ ಎದ್ದು ಹೋಗಿ ತಮ್ಮನ ಪಕ್ಕ ಕುಳಿತಳು. ಉಳಿದವರು ಕೆನ್ನೆಯಿಂದ ಕೈ ತೆಗೆಯಲು ಬಹಳ ಹೊತ್ತು ಹಿಡಿಯಿತು. ಮಾಸ್ತರರು ನಿಂತೇ ಕಾದರು.